ಮೂಲೆ ಕುರ್ಚಿ

ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟವೊಂದರ ಕೂಲಿಕಾರರ ಲೈನ್ ಮನೆಗೆ ನಾನು ಮೊದಲ ಸಲ ಹೋದಾಗ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಯ ಚಲನೆಯ ಮೇಲೆ ಹತೋಟಿ ಕುಗ್ಗುವ ಸ್ಥಿತಿ) ಇರುವ ಎಂಟು ವರ್ಷದ ಹುಡುಗಿಯನ್ನು ದಿಂಬುಗಳ ನಡುವೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹತ್ತಿರದ ಸರ್ಕಾರಿ ಶಾಲೆಯ ದಾಖಲೆಯಲ್ಲಿ ಅವಳ ಹೆಸರಿತ್ತು. ಆದರೆ ಗೃಹಾಧಾರಿತ ಶಿಕ್ಷಣದ ಪಟ್ಟಿಗೆ ಸೇರಿದ್ದರಿಂದ ಶಾಲೆಯ ಮೆಟ್ಟಿಲನ್ನು ಅವಳು ಕಂಡಿರಲಿಲ್ಲ. ವಾರಕ್ಕೊಮ್ಮೆ ಮನೆಗೆ ಹೋಗಿ ಕಲಿಸುವುದು ಅಂಗವಿಕಲ ಮಕ್ಕಳಿಗೂ ಸಾಮಾನ್ಯ ಶಾಲೆಯಲ್ಲೇ ಕಲಿಸುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿಯಾದ ನನ್ನ ಪಾಲಿನ ಕೆಲಸವಾಗಿತ್ತು.

ಮೊದಲ ಕೆಲವು ತಿಂಗಳು ನಾನು ಮಾಡಿದ್ದೇ ತಪ್ಪು. ಅಕ್ಷರದ ಕಾರ್ಡುಗಳನ್ನು ಹಿಡಿದು ಹೋಗುತ್ತಿದ್ದೆ. ಅವಳು ಕತ್ತು ನೆಟ್ಟಗೆ ನಿಲ್ಲಿಸುವುದರಲ್ಲೇ ದಣಿದು ಪಕ್ಕಕ್ಕೆ ವಾಲುತ್ತಿದ್ದಳು. ಶಿಬಿರದಲ್ಲಿ ಸಿಕ್ಕ ಗಾಲಿಕುರ್ಚಿ ಅವಳ ಮೈಗಿಂತ ಅಗಲವಾಗಿತ್ತು, ತೋಟದ ಏರುದಾರಿಗೂ ಒಗ್ಗುತ್ತಿರಲಿಲ್ಲ. ಅದರ ಮೇಲೆ ಬಟ್ಟೆ ಒಣಗುತ್ತಿತ್ತು. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕೇಳಿ, ಸೊಂಟದಿಂದ ಮಂಡಿಯವರೆಗಿನ ಉದ್ದವನ್ನೂ ಬೆನ್ನಿನ ಎತ್ತರವನ್ನೂ ಅಳೆದು, ತೋಟದ ಬಡಗಿಯಿಂದ ಮೂಲೆ ಕುರ್ಚಿ ಮಾಡಿಸಿದೆ. ಎರಡು ಹಲಗೆಗಳನ್ನು ಗೋಡೆಯ ಮೂಲೆಯಂತೆ ಜೋಡಿಸಿ, ನೆಲಮಟ್ಟದಲ್ಲಿ ಆಸನವಿಟ್ಟು, ತೊಡೆಗಳು ಕೂಡಿಕೊಳ್ಳದಂತೆ ನಡುವೆ ಬಟ್ಟೆ ಸುತ್ತಿದ ಮರದ ಗೂಟ, ಎದುರಿಗೆ ಕೈ ಊರಲು ಹಲಗೆ, ಇಷ್ಟೇ ಅದು. ಸೊಂಟ ಹಿಂದಕ್ಕೆ ಭದ್ರವಾಗಿ ಕೂತ ದಿನ ಅವಳ ಬಲಗೈ ಬಿಡುವಾಯಿತು. ಕೊಯ್ಲಿನ ಕಾಲವಾದ್ದರಿಂದ ಕಾಫಿ ಹಣ್ಣನ್ನೇ ಹರಡಿದೆ; ಹೆಬ್ಬೆರಳು ತೋರುಬೆರಳಿನಲ್ಲಿ ಒಂದೊಂದೇ ಹೆಕ್ಕಿ ಬಟ್ಟಲಿಗೆ ಹಾಕುತ್ತಾ ಐದರವರೆಗೆ ಎಣಿಸಿದಳು.

ಆಮೇಲೆ ಶಾಲೆಯ ಮಾತು ಎತ್ತಿದೆ. ಮನೆಯಲ್ಲೇ ಕಲಿಯುವ ಮಗುವೆಂದು ಸರ್ಕಾರವೇ ಬರೆದಿದೆಯಲ್ಲ ಎಂದು ಶಾಲೆಯವರು ಹೇಳಿದರು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯನ್ನು ಇಲ್ಲಿ ಸರಿಯಾಗಿ ಓದಬೇಕು: ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗು ಮನೆಯಲ್ಲಿ ಕಲಿಯುವುದನ್ನು ಆಯ್ದುಕೊಳ್ಳಬಹುದು, ಅಂದರೆ ಆಯ್ಕೆ ಮಗುವಿನ ಕಡೆಯವರದು, ಶಾಲೆಯದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ, ಅಥವಾ ಬಯಸಿದರೆ ವಿಶೇಷ ಶಾಲೆಯಲ್ಲಿ, ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಇದನ್ನು ಬರಹದಲ್ಲಿ ಕೊಟ್ಟ ಮೇಲೆ ಶಾಲೆಯವರು ಒಪ್ಪಿದರು.

ನಿಜವಾದ ತೊಡಕು ಕಾಯ್ದೆಯಲ್ಲಿರಲಿಲ್ಲ. "ಸ್ಕೂಲಲ್ಲಿ ಇವಳನ್ನ ಕಕ್ಕಸಿಗೆ ಯಾರು ಎತ್ಕೊಂಡು ಹೋಗ್ತಾರೆ ಟೀಚರೇ?" ಎಂದು ತಾಯಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಮಗುವನ್ನು ಶಾಲೆಗೆ ಕರೆತರುವವರಿಗೆಂದು ಬೆಂಗಾವಲು ಭತ್ಯೆ ಎಂಬುದೊಂದು ಇದೆ. ತೋಟದ ಒಂದು ದಿನದ ಕೂಲಿ ಬಿಟ್ಟು ಬರುವ ತಾಯಿಗೆ ಅದು ಸಾಲುವಂಥದ್ದಲ್ಲ. ಬಿಸಿಯೂಟದ ಅಡುಗೆಯವರೊಬ್ಬರು ತಾವಾಗಿಯೇ ಒಪ್ಪಿಕೊಂಡದ್ದರಿಂದ ಹುಡುಗಿ ವಾರಕ್ಕೆ ಮೂರು ದಿನ ಶಾಲೆಗೆ ಬರತೊಡಗಿದಳು. ಮಳೆ ಜೋರಾದ ವಾರಗಳಲ್ಲಿ ನಾನೇ ಅವಳ ಮನೆಗೆ ಹೋಗುತ್ತೇನೆ.

ಈ ಜೂನ್‌ನಲ್ಲಿ ಅಳತೆ ತೆಗೆದಾಗ ತೊಡೆಯ ಉದ್ದ ಎರಡು ಬೆರಳು ಹೆಚ್ಚಾಗಿತ್ತು. ಕುರ್ಚಿ ಮತ್ತೆ ಬಡಗಿಯ ಮನೆಯಲ್ಲಿದೆ.