ಎಸಿಯ ಟನ್ನನ್ನು ವ್ಯಾಟ್‌ಗೆ ತರುವುದು ಹೇಗೆ?

ಒಂದೂವರೆ ಟನ್ ಎಸಿ ಎಂದರೆ ಅದರ ತೂಕವಲ್ಲ. ಯಂತ್ರಗಳು ಬರುವ ಮೊದಲು ಮಂಜುಗಡ್ಡೆ ಇಟ್ಟೇ ತಂಪು ಮಾಡುತ್ತಿದ್ದರಲ್ಲ, ಆ ಕಾಲದ ಲೆಕ್ಕ ಅದು. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ, ಅಷ್ಟನ್ನು ಅದೇ ವೇಗದಲ್ಲಿ ಹೊರಹಾಕುವ ಸಾಮರ್ಥ್ಯವೇ ಒಂದು ಟನ್.

ಇಲ್ಲಿನ ಟನ್ ಅಮೆರಿಕದ 2000 ಪೌಂಡಿನದು, 1000 ಕೆಜಿಯದಲ್ಲ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಪೌಂಡ್ ಮಂಜುಗಡ್ಡೆ ಕರಗಲು ಸುಮಾರು 144 ಬಿಟಿಯು (ಬ್ರಿಟಿಷ್ ಪದ್ಧತಿಯ ಶಾಖದ ಅಳತೆ) ಶಾಖ ಬೇಕು. ಅದನ್ನು 2000ದಿಂದ ಗುಣಿಸಿ 24ರಿಂದ ಭಾಗಿಸಿ. ಗಂಟೆಗೆ 12,000 ಬಿಟಿಯು ಸಿಗುತ್ತದೆ.

ಈಗ ಪರಿವರ್ತನೆ. ಯಾವ ಅಳತೆ ಕೊಟ್ಟಿದ್ದರೂ ಮೊದಲು ವ್ಯಾಟ್‌ಗೆ ತನ್ನಿ, ಆಮೇಲೆ ಬೇಕಾದ ಕಡೆ ಹೋಗಿ. ಟನ್ ಇದ್ದರೆ 3517ರಿಂದ ಗುಣಿಸಿ. ಗಂಟೆಗೆ ಇಷ್ಟು ಬಿಟಿಯು ಎಂದಿದ್ದರೆ 0.293ರಿಂದ, ಗಂಟೆಗೆ ಇಷ್ಟು ಕಿಲೋಕ್ಯಾಲರಿ ಎಂದಿದ್ದರೆ 1.163ರಿಂದ. ವಾಪಸ್ ಬರಬೇಕಾದರೆ ಅದೇ ಸಂಖ್ಯೆಯಿಂದ ಭಾಗಿಸಿದರಾಯಿತು. ಒಂದೂವರೆ ಟನ್ ಎಂದರೆ ಸುಮಾರು 5275 ವ್ಯಾಟ್. ಬಾಯಿಲೆಕ್ಕಕ್ಕೆ ಟನ್ನಿಗೆ ಮೂರೂವರೆ ಕಿಲೋವ್ಯಾಟ್ ಎಂದುಕೊಂಡರೆ ಸಾಕು.

ಜಾಸ್ತಿ ಜನ ಎಡವುವುದು ಇದರ ನಂತರ. ಆ 5275 ವ್ಯಾಟ್ ಕೋಣೆಯಿಂದ ಹೊರಹೋಗುವ ಶಾಖದ ಲೆಕ್ಕ, ಎಸಿ ಎಳೆಯುವ ಕರೆಂಟಿನದಲ್ಲ. ಎಸಿ ಶಾಖವನ್ನು ಒಳಗಿನಿಂದ ಹೊರಗೆ ಸಾಗಿಸುತ್ತದೆ ಅಷ್ಟೆ. ಹಾಗಾಗಿ ಬಳಸಿದ ವಿದ್ಯುತ್ತಿಗಿಂತ ಹಲವು ಪಟ್ಟು ಶಾಖ ಸಾಗಿಸಲು ಅದಕ್ಕೆ ಸಾಧ್ಯ. ಈ ಪಟ್ಟು ಎಷ್ಟು ಎಂಬುದೇ ಇಇಆರ್. ಅದು 3.5 ಇದ್ದರೆ 5275ನ್ನು 3.5ರಿಂದ ಭಾಗಿಸಿ. ಸುಮಾರು 1507 ವ್ಯಾಟ್ ಬರುತ್ತದೆ. ಪೂರ್ತಿ ಸಾಮರ್ಥ್ಯದಲ್ಲಿ ಒಂದು ಗಂಟೆ ಓಡಿದರೆ ಒಂದೂವರೆ ಯೂನಿಟ್.

ಇಇಆರ್ 10, 12 ಎಂದು ಕಂಡರೆ ಎಸಿ ಅಷ್ಟು ಅದ್ಭುತ ಎಂದು ಹಿಗ್ಗಬೇಡಿ. ಅಲ್ಲಿ ಶಾಖವನ್ನು ಬಿಟಿಯುನಲ್ಲಿ, ವಿದ್ಯುತ್ತನ್ನು ವ್ಯಾಟ್‌ನಲ್ಲಿ ಅಳೆದಿರುತ್ತಾರೆ. 3.412ರಿಂದ ಭಾಗಿಸಿ ನೋಡಿ, 12 ಇದ್ದದ್ದು ಸುಮಾರು 3.5ಕ್ಕೆ ಇಳಿಯುತ್ತದೆ.

ಇನ್ನು ಮೋಟರಿನ ಶಕ್ತಿ ಅಳೆಯುವ ಹಾರ್ಸ್‌ಪವರ್ (ಎಚ್‌ಪಿ). ಅದನ್ನೂ ಹೀಗೇ ವ್ಯಾಟ್‌ಗೆ ತರಬಹುದು. ಬ್ರಿಟಿಷ್ ಲೆಕ್ಕದ ಒಂದು ಎಚ್‌ಪಿ 746 ವ್ಯಾಟ್, ಮೆಟ್ರಿಕ್ ಲೆಕ್ಕದ್ದು 735.5. ಮೋಟರಿನ ಮೇಲೆ ಬರೆದಿರುವ ಎಚ್‌ಪಿ ಸಾಮಾನ್ಯವಾಗಿ ಅದು ಹೊರಗೆ ಕೊಡುವ ಶಕ್ತಿ. 80% ದಕ್ಷತೆಯ ಒಂದು ಎಚ್‌ಪಿ ಮೋಟರ್ ಎಳೆಯುವುದು ಸುಮಾರು 930 ವ್ಯಾಟ್.