ಬೆಲ್ಲದ ಮನೆಯವಳು ಸಕ್ಕರೆಗೆ ಬದಲಿ ಹುಡುಕಿದ್ದು

ನಾನು ಹುಟ್ಟಿ ಬೆಳೆದದ್ದು ಮದ್ದೂರು ತಾಲ್ಲೂಕಿನ ಹಳ್ಳಿಯಲ್ಲಿ, ಆಲೆಮನೆ ಇದ್ದ ಮನೆಯಲ್ಲಿ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಕುದಿದು ಪಾಕಕ್ಕೆ ಬರುವ ಹೊತ್ತಿಗೆ ನಾವು ಮಕ್ಕಳೆಲ್ಲ ಬಾಳೆಲೆ ಚೂರು ಹಿಡಿದು ಸಾಲಾಗಿ ನಿಂತಿರುತ್ತಿದ್ದೆವು. ಅಪ್ಪ ಬಿಸಿ ಬೆಲ್ಲವನ್ನು ಸೌಟಿನ ತುದಿಯಿಂದ ಎಲೆಗೆ ಇಳಿಸುತ್ತಿದ್ದರು. ಸಕ್ಕರೆ ಕಾಯಿಲೆ ಅನ್ನುವುದು ಸಕ್ಕರೆ ತಿನ್ನುವ ಪೇಟೆಯವರಿಗೆ ಬರುವಂಥದ್ದು, ಬೆಲ್ಲ ತಿನ್ನುವ ನಮಗಲ್ಲ ಎಂಬ ನಂಬಿಕೆಯಲ್ಲೇ ನಾನು ಐವತ್ತು ವರ್ಷ ಕಳೆದೆ.

2023ರ ಜನವರಿಯಲ್ಲಿ ಮೈಸೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಲೆಕ್ಕ) 6.3 ಬಂತು. 5.7ರಿಂದ 6.4ರವರೆಗೆ ಗಡಿಯ ಮೇಲೆ ನಿಂತಂತೆ, 6.5 ಮುಟ್ಟಿದರೆ ಮಧುಮೇಹ. ಡಾಕ್ಟರು ಮಾತ್ರೆ ಬರೆಯಲಿಲ್ಲ. ಊಟ ಸರಿಮಾಡಿಕೊಳ್ಳಿ, ನಡೆಯಿರಿ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಡಯಟೀಷಿಯನ್ ಕೊಟ್ಟ ಹಾಳೆಯಲ್ಲಿ ಅನ್ನ ಎಷ್ಟು, ಮುದ್ದೆ ಎಷ್ಟು, ಕಾಳು-ಸೊಪ್ಪು ಎಷ್ಟು ಎಂದು ಎಲ್ಲವೂ ಇತ್ತು. ಕೊನೆಯಲ್ಲಿ ಒಂದು ಸಾಲು: ಸಕ್ಕರೆ ಬಿಡಿ, ಬೇಕಾದರೆ ಬದಲಿ ಬಳಸಿ. ಯಾವ ಬದಲಿ, ಯಾವುದಕ್ಕೆ, ಎಷ್ಟು ಎಂದು ಬರೆದಿರಲಿಲ್ಲ. ಆ ಒಂದು ಸಾಲನ್ನು ಅರ್ಥ ಮಾಡಿಕೊಳ್ಳಲು ನನಗೆ ಹೆಚ್ಚುಕಡಿಮೆ ಒಂದು ವರ್ಷ ಬೇಕಾಯಿತು. ಈಗ ಅದೇ ಹಾಳೆ ಕೈಯಲ್ಲಿ ಹಿಡಿದು ಕೂತವರು ಎಷ್ಟೋ ಜನ ಇರುತ್ತಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಿಡಿದದ್ದು ಬೆಲ್ಲವನ್ನೇ. ಊರಿಗೆ ಫೋನ್ ಮಾಡಿದರೆ ಅವ್ವ, "ಸಕ್ರೆ ಬುಟ್ಬುಡು, ಬೆಲ್ಲ ಹಾಕ್ಕೊಂಡು ಕುಡಿ ಕನವ್ವ, ಏನೂ ಆಗಾಕಿಲ್ಲ" ಅಂದರು. ಕುರಿಕಾಲಚ್ಚಿನ ಬೆಲ್ಲ ಐದು ಕೇಜಿ ಬಸ್ಸಿನಲ್ಲಿ ಬಂದೂಬಿಟ್ಟಿತು. ಕಾಫಿಗೆ ಬೆಲ್ಲ, ಮಜ್ಜಿಗೆಹುಳಿಗೆ ಬೆಲ್ಲ, ಸಂಜೆ ಹುರಿಗಡಲೆಗೂ ಬೆಲ್ಲ. ಒಳ್ಳೆಯದನ್ನು ತಿನ್ನುತ್ತಿದ್ದೇನೆ ಎಂಬ ಧೈರ್ಯದಲ್ಲಿ ಮೊದಲಿಗಿಂತ ಹೆಚ್ಚೇ ತಿಂದೆ. ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ 6.3 ಇದ್ದದ್ದು 6.4 ಆಗಿತ್ತು.

ಆಮೇಲೆ ಗ್ಲುಕೋಮೀಟರ್ ಕೊಂಡೆ. ಮೂರು ಭಾನುವಾರ ಒಂದೇ ತಿಂಡಿ, ಎರಡು ರಾಗಿ ರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿ. ಜೊತೆಗೆ ಒಂದೇ ಅಳತೆಯ ಕಾಫಿ. ಮೊದಲ ವಾರ ಎರಡು ಚಮಚ ಸಕ್ಕರೆ, ಎರಡನೇ ವಾರ ಅಷ್ಟೇ ತೂಕದ ಬೆಲ್ಲ, ಮೂರನೇ ವಾರ ಏನೂ ಇಲ್ಲ. ತಿಂದು ಒಂದು ಗಂಟೆಗೆ ನೋಡಿದರೆ 171, 168, 149. ಮನೆಯ ಮೀಟರಿನಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆ ಬಂದೇ ಬರುತ್ತದೆ, ಆದ್ದರಿಂದ 171ಕ್ಕೂ 168ಕ್ಕೂ ವ್ಯತ್ಯಾಸವೇ ಇಲ್ಲವೆಂದು ಲೆಕ್ಕ. ಒಬ್ಬಳ ಮೂರು ವಾರದ ಲೆಕ್ಕವನ್ನು ಎಲ್ಲರಿಗೂ ಅನ್ವಯಿಸುವುದು ಸರಿಯಲ್ಲ ಎಂದು ಗೊತ್ತು. ಆದರೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಬೆಲ್ಲದಲ್ಲಿ ಶೇ 65ರಿಂದ 85ರಷ್ಟು ಇರುವುದು ಸಕ್ಕರೆಯಲ್ಲಿರುವ ಸುಕ್ರೋಸೇ. ಉಳಿದುದರಲ್ಲೂ ಗ್ಲುಕೋಸ್, ಫ್ರಕ್ಟೋಸ್ ಒಂದಷ್ಟು. ಕಬ್ಬಿಣದ ಅಂಶ ಇದೆ, ನಿಜ. ಆದರೆ ಅದಕ್ಕಾಗಿ ಬೆಲ್ಲ ತಿನ್ನಬೇಕಿಲ್ಲ, ಹುರುಳಿಕಾಳು, ಸೊಪ್ಪು ಇವೆ. ತಾಟಿ ಬೆಲ್ಲದ ಕತೆಯೂ ಇದೇ. ಜೇನುತುಪ್ಪದಲ್ಲಿ ಶೇ 80ರಷ್ಟು ಸಕ್ಕರೆಗಳೇ. ಖರ್ಜೂರದಲ್ಲಿ ನಾರಿದೆ, ಇಡೀ ಹಣ್ಣು ಒಂದೋ ಎರಡೋ ತಿಂದರೆ ತೊಂದರೆಯಿಲ್ಲ. ಅದನ್ನೇ ಅರೆದು ಬಟ್ಟಲುಗಟ್ಟಲೆ ಲಾಡು ಮಾಡಿ "ಸಕ್ಕರೆ ಹಾಕಿಲ್ಲ" ಎಂದು ಹಂಚುವುದು ನಮ್ಮನ್ನು ನಾವೇ ನಂಬಿಸಿಕೊಳ್ಳುವುದು ಅಷ್ಟೇ.

ಬೆಲ್ಲದ ವಿಷಯ ಅವ್ವನಿಗೆ ಹೇಳುವುದು ಸುಲಭವಿರಲಿಲ್ಲ. ಅದು ನಮ್ಮನ್ನು ಸಾಕಿದ ಪದಾರ್ಥ, ನನ್ನ ಮದುವೆ ನಡೆದದ್ದು ಆಲೆಮನೆಯ ದುಡ್ಡಿನಲ್ಲಿ. ಬೆಲ್ಲ ಕೆಟ್ಟದ್ದು ಎಂದು ನಾನು ಈಗಲೂ ಹೇಳುವುದಿಲ್ಲ. ರುಚಿಗೆ ಅದಕ್ಕೆ ಸಮ ಇನ್ನೊಂದಿಲ್ಲ. ಸಕ್ಕರೆಗೆ ಬದಲಿ ಅನ್ನುವ ಕೆಲಸಕ್ಕೆ ಮಾತ್ರ ಅದು ಆಗುವುದಿಲ್ಲ.

ಹಾಗಾದರೆ ಅಂಗಡಿಯ ಬದಲಿಗಳು? ಕಾಫಿಯಿಂದಲೇ ಶುರು ಮಾಡಿದೆ, ಏಕೆಂದರೆ ನನ್ನ ಸಕ್ಕರೆಯೆಲ್ಲ ಇದ್ದದ್ದು ಅಲ್ಲೇ. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ. ಚಮಚಕ್ಕೆ 5 ಗ್ರಾಂ ಎಂದರೂ ಒಟ್ಟು 30 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿತ್ತು. ಬೆಲ್ಲ, ಜೇನು, ಹಣ್ಣಿನ ರಸದ ಸಿಹಿ ಎಲ್ಲವೂ ಆ ಲೆಕ್ಕದೊಳಗೇ ಬರುತ್ತವೆ.

ಮೊದಲು ತಂದದ್ದು ಸ್ಟೀವಿಯಾ ಹನಿಗಳ ಬಾಟಲಿ. ಸ್ಟೀವಿಯಾ ಪರಾಗ್ವೆ ಕಡೆಯ ಗಿಡ, ಅದರ ಎಲೆಯ ಸತ್ವ ಸಕ್ಕರೆಗಿಂತ ಇನ್ನೂರರಿಂದ ಮುನ್ನೂರು ಪಟ್ಟು ಸಿಹಿ. ಗಿಡದಿಂದ ಬಂದದ್ದು ಎಂದು ಮನಸ್ಸಿಗೆ ಸಮಾಧಾನವಿತ್ತು. ಆದರೆ ಹಾಲು ಹಾಕಿದ ಫಿಲ್ಟರ್ ಕಾಫಿಯಲ್ಲಿ ನಾಲಿಗೆಯ ಹಿಂಬದಿಗೆ ಅತಿಮಧುರದ ಬೇರು ಜಗಿದ ಹಾಗೊಂದು ಕಹಿ ಉಳಿಯಿತು. ಎರಡು ಹನಿ ಹೆಚ್ಚಾದರೆ ಇಡೀ ಲೋಟ ಹಾಳು. ಅದೇ ಬಾಟಲಿ ನಿಂಬೆಹಣ್ಣಿನ ಪಾನಕಕ್ಕೆ ಚೆನ್ನಾಗಿ ಒಗ್ಗಿತು, ಹುಳಿಯಲ್ಲಿ ಆ ಕಹಿ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಏಲಕ್ಕಿ, ಚಿಟಿಕೆ ಉಪ್ಪು, ನಾಲ್ಕು ಹನಿ ಸ್ಟೀವಿಯಾ ಹಾಕಿದ ನಿಂಬೆ ಪಾನಕ ಈಗ ನಮ್ಮ ಮನೆಯ ಖಾಯಂ. ಕುಂಡದಲ್ಲಿ ಗಿಡವನ್ನೂ ಬೆಳೆಸಿದೆ, ಹಸಿ ಎಲೆ ಹುಲ್ಲು ಹುಲ್ಲಾಗಿರುತ್ತದೆ. ನಮ್ಮ ದೇಶದಲ್ಲಿ 2015ರಲ್ಲಿ ಆಹಾರಕ್ಕೆ ಒಪ್ಪಿಗೆ ಸಿಕ್ಕಿದ್ದು ಶುದ್ಧೀಕರಿಸಿದ ಸತ್ವಕ್ಕೆ. ಹಾಗಾಗಿ ಎಲೆ ಅರೆದು ಧಾರಾಳವಾಗಿ ಬಳಸುವುದನ್ನು ಬಿಟ್ಟೆ.

ಕಾಫಿಗೆ ಕೊನೆಗೆ ಒಗ್ಗಿದ್ದು ಸುಕ್ರಲೋಸ್ ಎಂಬ ಕೃತಕ ಸಿಹಿಯ ಗುಳಿಗೆ. ಸಕ್ಕರೆಯ ರುಚಿಗೆ ಅದೇ ಹತ್ತಿರ. ಇದನ್ನು ಕಂಡುಹಿಡಿದ ಪ್ರಸಂಗ ನನಗೆ ಬಹಳ ಇಷ್ಟ. 1976ರಲ್ಲಿ ಲಂಡನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದ ಶಶಿಕಾಂತ ಫಡ್ನಿಸ್ ಎಂಬ ನಮ್ಮ ದೇಶದ ಯುವಕ, ಮೇಲಿನವರು "ಟೆಸ್ಟ್" ಮಾಡು ಎಂದದ್ದನ್ನು "ಟೇಸ್ಟ್" ಮಾಡು ಎಂದು ಕೇಳಿಸಿಕೊಂಡು ಪುಡಿಯನ್ನು ನಾಲಿಗೆಗೇ ಇಟ್ಟರಂತೆ. ಸಕ್ಕರೆಗಿಂತ ಅದು ಆರುನೂರು ಪಟ್ಟು ಸಿಹಿ. ಗುಳಿಗೆ ಬೇರೆ, ಚಮಚಕ್ಕೆ ಚಮಚ ಅಳೆದು ಹಾಕುವ ಪುಡಿ ಬೇರೆ ಎಂಬುದನ್ನು ಮಾತ್ರ ಗಮನಿಸಿ. ಅಷ್ಟು ತೀಕ್ಷ್ಣ ಸಿಹಿಯನ್ನು ಚಮಚದಲ್ಲಿ ಅಳೆಯುವಂತೆ ಮಾಡಲು ಪುಡಿಯ ಜೊತೆ ಮಾಲ್ಟೋಡೆಕ್ಸ್‌ಟ್ರಿನ್‌ನಂಥ ಪಿಷ್ಟದ ಪದಾರ್ಥ ಬೆರೆಸಿರುತ್ತಾರೆ. ಒಂದು ಚಮಚದಲ್ಲಿ ಅದು ಲೆಕ್ಕಕ್ಕಿಲ್ಲ, ಬಟ್ಟಲುಗಟ್ಟಲೆ ಹಾಕಿ ಸಿಹಿ ಮಾಡಿದರೆ ಲೆಕ್ಕಕ್ಕೆ ಬರುತ್ತದೆ.

ಆಸ್ಪರ್ಟೇಮ್ ಎಂಬ ಇನ್ನೊಂದು ಕೃತಕ ಸಿಹಿ ಕಲಿಸಿದ್ದು ಬೇರೆಯೇ ಪಾಠ. ವರಮಹಾಲಕ್ಷ್ಮಿ ಹಬ್ಬಕ್ಕೆ ಶಾವಿಗೆ ಪಾಯಸ ಕುದಿಯುವಾಗಲೇ ಆ ಪೊಟ್ಟಣಗಳನ್ನು ಒಡೆದು ಹಾಕಿದೆ. ಮಧ್ಯಾಹ್ನ ಬಡಿಸುವ ಮೊದಲು ಇನ್ನೊಮ್ಮೆ ಬಿಸಿ ಮಾಡಿದೆ. ಎಲೆಗೆ ಬೀಳುವ ಹೊತ್ತಿಗೆ ಸಿಹಿ ಅರ್ಧಕ್ಕರ್ಧ ಇಳಿದಿತ್ತು. ಬಿಸಿ ತಾಗಿದರೆ ಆಸ್ಪರ್ಟೇಮ್ ಒಡೆದುಹೋಗುತ್ತದೆ, ಇಳಿಸಿ ಆರಿದ ಮೇಲೆ ಹಾಕಬೇಕಾದ ಪದಾರ್ಥ ಅದು. ಫಿನೈಲ್‌ಕೀಟೋನೂರಿಯ ಎಂಬ ಹುಟ್ಟು ಕಾಯಿಲೆ ಇರುವವರು ಅದನ್ನು ಮುಟ್ಟಲೇಬಾರದು.

ಎರಿಥ್ರಿಟಾಲ್ ಎಂಬ ಬದಲಿ ನೋಡಲು ಥೇಟ್ ಸಕ್ಕರೆ. ಬಾಯಿಗೆ ಹಾಕಿದರೆ ಪುದೀನದಂತೆ ತಣ್ಣಗಾಗುತ್ತದೆ. ಫ್ರಿಜ್ಜಿನಲ್ಲಿಟ್ಟ ಪಾಯಸದಲ್ಲಿ ಮರುದಿನ ಹರಳುಗಟ್ಟಿ ಹಲ್ಲಿಗೆ ಮರಳಿನಂತೆ ಸಿಕ್ಕಿತು. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. 2023ರ ಆರಂಭದಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂದಿತ್ತು, ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡುಬಂದವು ಎಂದು. ನಮ್ಮ ದೇಹವೂ ಅದನ್ನು ಸ್ವಲ್ಪ ಉತ್ಪಾದಿಸುತ್ತದೆ, ತಿಂದದ್ದರಿಂದಲೇ ಹೀಗಾಯಿತು ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೂ ನಮ್ಮ ಯಜಮಾನರಿಗೆ ಸ್ಟೆಂಟ್ ಹಾಕಿದೆ. ಹಾಗಾಗಿ ಆ ಡಬ್ಬಿಯನ್ನು ಮತ್ತೆ ತರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರಿಸಬೇಕು ಅನ್ನಿಸುವುದು "ಶುಗರ್ ಫ್ರೀ" ಮಿಠಾಯಿಗಳ ಬಗ್ಗೆ. ದೀಪಾವಳಿಗೆ ನೆಂಟರು ಪ್ರೀತಿಯಿಂದ ನನಗೆಂದೇ ಒಂದು ಡಬ್ಬಿ ಗೋಡಂಬಿ ಬರ್ಫಿ ತಂದರು. ಐದು ತುಂಡು ತಿಂದೆ. ರಾತ್ರಿಯಿಡೀ ಹೊಟ್ಟೆ ಕೆಟ್ಟು ಒದ್ದಾಡಿದೆ, ಮೀಟರ್ ಕೂಡ ಏರಿತ್ತು. ಬೆಳಗ್ಗೆ ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂದೆ ಓದಿದರೆ ಮಾಲ್ಟಿಟಾಲ್. ಹೆಸರಿಗೆ ಸಕ್ಕರೆಯಲ್ಲ, ಆದರೆ ಗ್ರಾಂಗೆ ಎರಡು ಕ್ಯಾಲೊರಿಗಿಂತ ಹೆಚ್ಚು. ಸಕ್ಕರೆಯದು ನಾಲ್ಕು. ಅದೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ನಿಧಾನವಾಗಿ, ಸ್ವಲ್ಪ ಕಡಿಮೆ. ಹೆಚ್ಚಾದರೆ ಭೇದಿ. ಮೇಲೆ ಗೋಡಂಬಿ, ತುಪ್ಪ ಬೇರೆ. ಡಬ್ಬಿಯ ಮುಂಭಾಗ ಓದಿ ಕೊಳ್ಳಬೇಡಿ, ಹಿಂದೆ ತಿರುಗಿಸಿ.

ಇಷ್ಟೆಲ್ಲ ಆದಮೇಲೆ ಅಡುಗೆಮನೆಯಲ್ಲಿ ನಿಂತು ಒಂದು ದಿನ ಹೊಳೆದದ್ದು ಹೀಗೆ: ಯಾವ ಬದಲಿ ಎಂದು ಕೇಳುವ ಮೊದಲು, ಈ ಅಡುಗೆಯಲ್ಲಿ ಸಕ್ಕರೆ ಯಾವ ಕೆಲಸ ಮಾಡುತ್ತಿದೆ ಎಂದು ಕೇಳಬೇಕು. ಕಾಫಿಯಲ್ಲಿ, ಪಾನಕದಲ್ಲಿ ಅದು ಬರೀ ಸಿಹಿ ಕೊಡುತ್ತದೆ. ಅಲ್ಲಿ ಗುಳಿಗೆಯೋ ಹನಿಯೋ ಸಾಕು. ಮೈಸೂರು ಪಾಕಿನಲ್ಲಿ ಎಳೆ ಪಾಕವೇ ಅದರ ಮೈ. ಒಬ್ಬಟ್ಟಿನ ಹೂರಣ ಕಣಕದೊಳಗೆ ಹದವಾಗಿ ಕೂರುವುದು ಬೆಲ್ಲ ಬೇಳೆಯೊಂದಿಗೆ ಕೂಡಿ ಗಟ್ಟಿಯಾಗುವುದರಿಂದ. ಸುಕ್ರಲೋಸ್ ಹಾಕಿ ಮಾಡಿದ ಒಬ್ಬಟ್ಟಿನ ಹೂರಣ ಪುಡಿಪುಡಿಯಾಗಿ ಲಟ್ಟಿಸುವಾಗಲೇ ಹೊರಬಂತು. ಅಂಥ ತಿನಿಸಿಗೆ ಬದಲಿ ಹುಡುಕಬಾರದು. ಹಬ್ಬಕ್ಕೊಮ್ಮೆ ನಿಜವಾದದ್ದನ್ನೇ ಮಾಡಬೇಕು, ಅಳತೆ ಇಟ್ಟು ತಿನ್ನಬೇಕು. ಹುಳಿಗೆ ಹಾಕುವ ನೆಲ್ಲಿಕಾಯಿ ಗಾತ್ರದ ಬೆಲ್ಲವನ್ನು ನಾನು ಬಿಟ್ಟೇ ಇಲ್ಲ. ನಾಲ್ಕು ಜನ ಎರಡು ಹೊತ್ತು ಉಣ್ಣುವ ಹುಳಿಯಲ್ಲಿ ಅದು ತಲೆಗೆಷ್ಟು ಬಂದೀತು?

ಇದರ ನಡುವೆ 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ, ತೂಕ ಇಳಿಸಲೆಂದು ಇಂಥ ಸಿಹಿಕಾರಕಗಳನ್ನು ಬಳಸಬೇಡಿ ಎಂದು ಸಲಹೆ ಕೊಟ್ಟಿತು. ಸ್ಟೀವಿಯಾ ಕೂಡ ಆ ಪಟ್ಟಿಯಲ್ಲಿತ್ತು. ಜುಲೈನಲ್ಲಿ ಆಸ್ಪರ್ಟೇಮ್ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಸಾಲಿಗೆ ಸೇರಿತು. ಸುದ್ದಿ ನೋಡಿ ನಿದ್ದೆ ಬರಲಿಲ್ಲ. ಪೂರ್ತಿ ಓದಿದಾಗ ಭಯ ಸ್ವಲ್ಪ ಇಳಿಯಿತು. ಮೇ ತಿಂಗಳ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ. ಆಸ್ಪರ್ಟೇಮಿನ ವಿಷಯದಲ್ಲಿ, ದೇಹತೂಕದ ಕೇಜಿಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ತಜ್ಞರು ಹಾಗೇ ಉಳಿಸಿದರು. 70 ಕೇಜಿಯವರಿಗೆ ಅದು 2800 ಮಿಲಿಗ್ರಾಂ, ಒಂದು ಗುಳಿಗೆಯಲ್ಲಿ ಇರುವುದು 20ರ ಆಸುಪಾಸು. ನಮ್ಮ ಡಾಕ್ಟರನ್ನೂ ಕೇಳಿದೆ. "ಒಂದು ಗುಳಿಗೆಗೆ ಹೆದರಬೇಡಿ ಅಮ್ಮ, ಆದರೆ ಅದನ್ನೇ ನಂಬಿ ಕೂರಬೇಡಿ. ನಾಲಿಗೆ ಸಿಹಿ ಕೇಳುವುದನ್ನು ಕಡಿಮೆ ಮಾಡಿ" ಅಂದರು.

ಆ ಮಾತೇ ಕೆಲಸಕ್ಕೆ ಬಂತು. ಕಾಫಿಯ ಸಿಹಿಯನ್ನು ಹತ್ತು ದಿನಕ್ಕೊಮ್ಮೆ ಕಾಲು ಚಮಚದಷ್ಟು ಇಳಿಸುತ್ತಾ ಬಂದೆ. ಗುಳಿಗೆಯಾದರೆ ಎರಡರಿಂದ ಒಂದೂವರೆ, ಒಂದು, ಅರ್ಧ. ಒಂದೇ ಸಲ ಬಿಟ್ಟಾಗಲೆಲ್ಲ ನಾಲ್ಕನೇ ದಿನ ಸೋತು ಸಕ್ಕರೆ ಡಬ್ಬಿಗೆ ಕೈ ಹಾಕಿದ್ದೆ. ಹೀಗೆ ಮೆಲ್ಲಗೆ ಇಳಿಸಿದಾಗ ನಾಲಿಗೆಗೆ ಗೊತ್ತೇ ಆಗಲಿಲ್ಲ. ಕಾಫಿಪುಡಿಯಲ್ಲಿ ಚಿಕೋರಿ ಶೇ 40 ಇದ್ದದ್ದನ್ನು 15ಕ್ಕೆ ಇಳಿಸಿದೆ. ಕಹಿ ಕಡಿಮೆಯಾದ್ದರಿಂದ ಸಿಹಿಯ ಅಗತ್ಯವೂ ಇಳಿಯಿತು. ಮೂರು ಲೋಟ ಎರಡಾಯಿತು. ಬೆಳಗಿನ ಕಾಫಿ ಈಗ ಏನೂ ಇಲ್ಲದೆ, ಸಂಜೆಯದಕ್ಕೆ ಅರ್ಧ ಗುಳಿಗೆ. ಹೆಸರುಬೇಳೆ ಪಾಯಸಕ್ಕೆ ಗಟ್ಟಿ ತೆಂಗಿನ ಹಾಲು, ಏಲಕ್ಕಿ, ಕಾಯಿಚೂರು ಹೆಚ್ಚು ಹಾಕಿ ಬೆಲ್ಲ ಅರ್ಧ ಮಾಡಿದೆ, ಮನೆಯಲ್ಲಿ ಯಾರೂ ಕೇಳಲಿಲ್ಲ. ಮೊಮ್ಮಗನಿಗೆ ಮಾತ್ರ ಯಾವ ಬದಲಿಯನ್ನೂ ಕೊಡುವುದಿಲ್ಲ, ಮಕ್ಕಳಿಗೆ ಅದು ಸಲ್ಲದು. ಅವನಿಗೆ ಬಾಳೆಹಣ್ಣಿದೆ.

2024ರ ಜನವರಿಯಲ್ಲಿ ಎಚ್‌ಬಿಎ1ಸಿ 5.8, ತೂಕ 71ರಿಂದ 66 ಕೇಜಿ. ಇದರಲ್ಲಿ ಗುಳಿಗೆಯ ಪಾಲೆಷ್ಟು, ನಡಿಗೆಯ ಪಾಲೆಷ್ಟು, ಕಡಿಮೆ ಮಾಡಿದ ಅನ್ನದ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಎಲ್ಲವೂ ಸೇರಿ ಆದದ್ದು.

ಅದೇ ತಿಂಗಳು ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ನಮ್ಮ ಆಲೆಮನೆ ಈಗಿಲ್ಲ, ಪಕ್ಕದ ಊರಿನವರದು ನಡೆಯುತ್ತಿದೆ. ಅವ್ವ ಅಲ್ಲಿಂದ ಬಿಸಿ ಬೆಲ್ಲ ತರಿಸಿ ಬಾಳೆಲೆಯಲ್ಲಿ ಮುಂದಿಟ್ಟು, ತಿನ್ನಬಹುದೋ ಬಾರದೋ ಎಂದು ನನ್ನ ಮುಖ ನೋಡುತ್ತಾ ಕೂತರು. ಬೆರಳಲ್ಲಿ ಒಂದು ಸಲ ತೆಗೆದು ಬಾಯಿಗಿಟ್ಟೆ. ಉಳಿದದ್ದನ್ನು ಮಕ್ಕಳ ಕಡೆ ಸರಿಸಿ, ಅವ್ವನ ಕೈ ಹಿಡಿದು ಅವರ ಬೆರಳಿಗೂ ಸೂಜಿ ಚುಚ್ಚಿ ಮೀಟರ್ ನೋಡಿದೆ. 212 ಇತ್ತು. ನಾಳೆ ಬೆಳಗ್ಗೆ ಮದ್ದೂರಿನ ಡಾಕ್ಟರ ಹತ್ತಿರ ಹೋಗೋಣ ಅಂದಾಗ ಮೊದಲ ಸಲ ಅವರು ಇಲ್ಲ ಅನ್ನಲಿಲ್ಲ.