ನಾಟಿ ಮೆಕ್ಕೆಜೋಳದ ಬೀಜ ಉಳಿಸುವುದು, ತಳಿ ಸುಧಾರಿಸುವುದು ಹೇಗೆ?

ಮೆಕ್ಕೆಜೋಳದ ಪರಾಗವನ್ನು ಗಾಳಿ ಹೊತ್ತೊಯ್ಯುತ್ತದೆ. ಗಿಡದ ತುದಿಯ ಗಂಡು ಹೂಗೊಂಚಲಾದ ಸೂಲಂಗಿಯಿಂದ ಉದುರಿದ ಪರಾಗ ಹೆಚ್ಚಾಗಿ ಬೇರೆ ಗಿಡಗಳ ತೆನೆಗೂದಲಿನ ಮೇಲೆ ಬಿದ್ದು, ಎಳೆಗೊಂದರಂತೆ ಕಾಳು ಕಟ್ಟುತ್ತದೆ. ಆದ್ದರಿಂದ ಹೆಚ್ಚಾಗಿ ತಮ್ಮದೇ ಪರಾಗದಿಂದ ಕಾಳು ಕಟ್ಟುವ ಭತ್ತ, ಗೋಧಿಗಳಲ್ಲಿ ಮಾಡುವಂತೆ ಮೆಚ್ಚಿದ ಒಂದೇ ಗಿಡದ ಬೀಜವನ್ನು ಎತ್ತಿಟ್ಟರೆ ಇಲ್ಲಿ ತಳಿ ಉಳಿಯುವುದಿಲ್ಲ. ಪರಸ್ಪರ ಪರಾಗ ಹಂಚಿಕೊಳ್ಳುವ ನೂರಾರು ಗಿಡಗಳ ಸಮುದಾಯವೇ ಮೆಕ್ಕೆಜೋಳದ ತಳಿ.

ಬೀಜದ ತಾಕು ಬೇರೆ ಮೆಕ್ಕೆಜೋಳದ ಹೊಲಗಳಿಂದ ಕನಿಷ್ಠ 200 ಮೀಟರ್ ದೂರವಿರಲಿ. ಅಷ್ಟು ಜಾಗ ಸಿಗದಿದ್ದರೆ ಎರಡೂ ಬೆಳೆಗಳು ಒಟ್ಟಿಗೆ ಹೂವಿಗೆ ಬಾರದಂತೆ, ಅವುಗಳ ಅವಧಿಯನ್ನು ಲೆಕ್ಕ ಹಾಕಿ ಬಿತ್ತನೆಯನ್ನು ಮೂರು-ನಾಲ್ಕು ವಾರ ಹಿಂದೆಮುಂದೆ ಮಾಡಿಕೊಳ್ಳಬೇಕು. ಒಂದೆರಡು ಉದ್ದ ಸಾಲುಗಳಿಗಿಂತ ಚೌಕಾಕಾರದ ತಾಕಿನಲ್ಲಿ ಕಾಳು ಚೆನ್ನಾಗಿ ತುಂಬುತ್ತದೆ; ಗಿಡಗಳು 200ಕ್ಕಿಂತ ಕಡಿಮೆ ಇರಬಾರದು.

ಆಯ್ಕೆ ನಡೆಯಬೇಕಾದದ್ದು ನಿಂತ ಬೆಳೆಯಲ್ಲಿ, ಕಣದ ರಾಶಿಯಲ್ಲಲ್ಲ. ರಾಶಿಯಲ್ಲಿ ಕಣ್ಣಿಗೆ ಬೀಳುವ ದಪ್ಪ ತೆನೆ ಗೊಬ್ಬರ ಹೆಚ್ಚು ಬಿದ್ದ ಮೂಲೆಯದೋ, ಅಕ್ಕಪಕ್ಕ ಗಿಡವಿಲ್ಲದೆ ಹುಲುಸಾಗಿ ಬೆಳೆದದ್ದೋ ಆಗಿರಬಹುದು. ಈ ತೊಡಕಿಗೆ 1961ರಲ್ಲಿ ಅಮೆರಿಕದ ತಳಿವಿಜ್ಞಾನಿ ಸಿ. ಒ. ಗಾರ್ಡ್ನರ್ ತೋರಿಸಿದ ದಾರಿ ಸರಳವಾಗಿದೆ: ಹೊಲವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಆಯಾ ಚೌಕದ ಗಿಡಗಳನ್ನು ಅದರೊಳಗೇ ಹೋಲಿಸಿ, ಪ್ರತಿ ಚೌಕದಿಂದಲೂ ಸಮನಾಗಿ ಆರಿಸಬೇಕು. ಅಂಚಿನ ಸಾಲುಗಳನ್ನು ಬಿಟ್ಟು, ಬೀಳದೆ ನಿಂತ, ರೋಗ ತಾಗದ ಗಿಡಗಳಿಗೆ ದಾರ ಕಟ್ಟಿ. ಅನೇಕರು ಮರೆಯುವ ಕೆಲಸವೊಂದಿದೆ: ಬೇಡವಾದ ಗಿಡಗಳ ಸೂಲಂಗಿಯನ್ನು ಪರಾಗ ಉದುರುವ ಮೊದಲೇ ಕಿತ್ತುಹಾಕಬೇಕು, ಇಲ್ಲದಿದ್ದರೆ ಅವುಗಳ ಗುಣವೂ ಮುಂದಿನ ಪೀಳಿಗೆಗೆ ಸೇರುತ್ತದೆ. ಮೆಕ್ಸಿಕೊದ ರೈತರು ಸುಮಾರು 9000 ವರ್ಷಗಳ ಹಿಂದೆ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಬೆಳೆಯಾಗಿ ಪಳಗಿಸಲು ತೊಡಗಿದ್ದೂ ಇಂಥ ಆಯ್ಕೆಯಿಂದಲೇ ಎಂಬುದನ್ನು ನೆನೆದರೆ ಈ ಕೆಲಸದ ಮೇಲೆ ಗೌರವ ಹೆಚ್ಚುತ್ತದೆ.

ಕಾಳಿನ ಬುಡದಲ್ಲಿ ಕಪ್ಪು ಪದರ ಕಂಡರೆ ತೆನೆ ಬಲಿತಿದೆ ಎಂದರ್ಥ. ಸಿಪ್ಪೆ ಸುಲಿದು ಒಂದೊಂದನ್ನೂ ತಿರುಗಿಸಿ ನೋಡಿ. ಬಿಳಿ ತಳಿಯ ತೆನೆಯಲ್ಲಿ ಅಲ್ಲಲ್ಲಿ ಹಳದಿ ಕಾಳು ಮಿನುಗಿದರೆ ಹೊರಗಿನ ಪರಾಗ ಬಂದಿದೆ; ಹಳದಿ ಬಣ್ಣ ಪ್ರಬಲ ಗುಣವಾದ್ದರಿಂದ ಅದೇ ವರ್ಷ ಕಾಳಿನಲ್ಲೇ ತೋರುತ್ತದೆ. ಅಂಥ ಕಾಳುಗಳನ್ನು ತೆಗೆದುಹಾಕಿ. ಅವು ಹೆಚ್ಚಾಗಿದ್ದರೆ ತೆನೆಯನ್ನೇ ಬಿಡಿ. ಹಳದಿ ತಳಿಗೆ ಬಿಳಿ ಬೆರೆತದ್ದು ಇಷ್ಟು ಸ್ಪಷ್ಟವಾಗಿ ಕಾಣದು, ಆದ್ದರಿಂದ ಅಲ್ಲಿ ಅಂತರವನ್ನೇ ನೆಚ್ಚಬೇಕು.

ಕನಿಷ್ಠ 100 ತೆನೆಗಳ ನಡುಭಾಗದಿಂದ ಸಮಪ್ರಮಾಣದಲ್ಲಿ ಕಾಳು ಬಿಡಿಸಿ ಬೆರೆಸಿ. ಅತ್ಯುತ್ತಮವೆಂದು ಹತ್ತು ತೆನೆಗಳನ್ನಷ್ಟೇ ಇಟ್ಟುಕೊಳ್ಳುವ ಆಸೆಯನ್ನು ತಡೆಯಲೇಬೇಕು. ಇಲ್ಲದಿದ್ದರೆ ರಕ್ತಸಂಬಂಧದೊಳಗೇ ಪರಾಗ ಸುತ್ತಿ, ಕೆಲವೇ ಪೀಳಿಗೆಗಳಲ್ಲಿ ಗಿಡ ಕುಗ್ಗಿ ಇಳುವರಿ ಇಳಿಯುತ್ತದೆ.

ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿ ತೇವಾಂಶವನ್ನು ಶೇ 12ಕ್ಕೆ ಇಳಿಸಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ತಂಪಾದ ಜಾಗದಲ್ಲಿಡಿ. ಬಿತ್ತುವ ಮುನ್ನ 100 ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ. ಇರುವ ಬೀಜವನ್ನೆಲ್ಲ ಒಂದೇ ಹಂಗಾಮಿಗೆ ಬಿತ್ತದೆ ಅರ್ಧವನ್ನು ಕಾದಿಡಿ. ಅದರಲ್ಲೂ ಒಂದು ಪಾಲು ಅದೇ ತಳಿ ಬೆಳೆಯುವ ಮತ್ತೊಬ್ಬ ರೈತರ ಮನೆಯಲ್ಲಿರಲಿ.